ಎರಡು ‘ಲೆವೆಲ್ 5’, ಒಂದು ಪದವಿ: ಲೆಸ್ಟರ್‌ನ ಕೇರ್ ಹೋಂ ಉದ್ಯೋಗಿಯೊಬ್ಬರ ಟಾಪ್-ಅಪ್ ಪ್ರಕರಣ

2023ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ರಾತ್ರಿ ಪಾಳಿ ಮುಗಿಸಿ ಬಂದು ನಾಲ್ಕು ಗಂಟೆಯಷ್ಟೇ ನಿದ್ದೆ ಮಾಡಿದ್ದ ಮಹಿಳೆಯೊಬ್ಬರು ಇಂಗ್ಲೆಂಡಿನ ಲೆಸ್ಟರ್ ನಗರದ ತಮ್ಮ ಮನೆಯ ಅಡುಗೆಕೋಣೆಯಲ್ಲಿ ಪ್ಲಾಸ್ಟಿಕ್ ಫೈಲೊಂದನ್ನು ಬಿಚ್ಚಿ, ಅದರೊಳಗಿನ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಅಂಚು ಹಳದಿಯಾದ ದ್ವಿತೀಯ ಪಿಯುಸಿ ಅಂಕಪಟ್ಟಿ, ಆರೈಕೆ ಕೆಲಸಕ್ಕೆ ಸಂಬಂಧಿಸಿದ ಲೆವೆಲ್ 2 ಮತ್ತು ಲೆವೆಲ್ 3 ಡಿಪ್ಲೊಮಾಗಳು, ಆರೋಗ್ಯ ಮತ್ತು ಸಾಮಾಜಿಕ ಆರೈಕೆ ವಿಷಯದ ಫೌಂಡೇಶನ್ ಡಿಗ್ರಿಯ (ಇದೂ ಲೆವೆಲ್ 5) ಪ್ರಮಾಣಪತ್ರ, ಕೊನೆಯಲ್ಲಿ ಕೇರ್ ಹೋಂ ಮಾಲೀಕರು ಹಣ ಕೊಟ್ಟು ಮಾಡಿಸಿದ್ದ ಲೆವೆಲ್ 5 ನಾಯಕತ್ವ ಡಿಪ್ಲೊಮಾ. “ಸರ್, ನನ್ನ ಹತ್ರ ಲೆವೆಲ್ ಫೈವ್ ಎರಡಿದೆ. ಎರಡೂ ಸೇರಿದ್ರೆ ಡಿಗ್ರಿ ಆಗಲ್ವಾ?” ಎಂದು ಅವರು ಕೇಳಿದರು. ವಯಸ್ಕ ವಿದ್ಯಾರ್ಥಿಗಳಿಗೆ ಅರ್ಜಿ ಮತ್ತು ಬರವಣಿಗೆಯಲ್ಲಿ ನೆರವಾಗುವುದು ನನ್ನ ಕೆಲಸವಾದ್ದರಿಂದ ಈ ಪ್ರಶ್ನೆ ನನಗೆ ಹೊಸದಲ್ಲ. ಆದರೆ ಇಷ್ಟು ನೇರವಾಗಿ ಅದನ್ನು ಯಾರೂ ಕೇಳಿರಲಿಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟು, ಮುಂದಿನ ಎರಡೂವರೆ ವರ್ಷಗಳಲ್ಲಿ ನಡೆದದ್ದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮಲೆನಾಡಿನ ಸಣ್ಣ ಊರೊಂದರಲ್ಲಿ ಪಿಯುಸಿ ಮುಗಿಸಿದ ಈ ಮಹಿಳೆ ಮದುವೆಯಾಗಿ 2010ರಲ್ಲಿ ಇಂಗ್ಲೆಂಡಿಗೆ ಬಂದವರು. ಮೊದಲ ಮೂರು ವರ್ಷ ಮಕ್ಕಳ ಪಾಲನೆಯಲ್ಲಿ ಕಳೆದು, 2013ರಲ್ಲಿ ವೃದ್ಧರ ಕೇರ್ ಹೋಂ ಒಂದರಲ್ಲಿ ಸಹಾಯಕಿಯಾಗಿ ಸೇರಿದರು; ನಾನು ಭೇಟಿಯಾದಾಗ ಅಲ್ಲಿಯೇ ಸೀನಿಯರ್ ಕೇರರ್ ಆಗಿ, ವಾರಕ್ಕೆ ಹನ್ನೆರಡು ಗಂಟೆಗಳ ಮೂರು ರಾತ್ರಿ ಪಾಳಿ ಮಾಡುತ್ತಿದ್ದರು. ಆ ವೇಳೆಗೆ ಅವರಿಗೆ ಬ್ರಿಟನ್ನಿನಲ್ಲಿ ಕಾಯಂ ವಾಸದ ಹಕ್ಕು ದೊರೆತಿತ್ತು. ಈ ಕೊನೆಯ ಸಂಗತಿ ಪ್ರಕರಣದ ಹಣಕಾಸಿನ ಭಾಗವನ್ನು ಪೂರ್ತಿಯಾಗಿ ನಿರ್ಧರಿಸಿತು ಎಂಬುದನ್ನು ಮುಂದೆ ನೋಡಲಿದ್ದೇವೆ.

ಫೌಂಡೇಶನ್ ಡಿಗ್ರಿ ಎಂದರೆ ನಮ್ಮವರು ಸಾಮಾನ್ಯವಾಗಿ ಪದವಿಗೆ ಮುಂಚಿನ ಪೂರ್ವಸಿದ್ಧತಾ ವರ್ಷ ಎಂದು ತಿಳಿಯುತ್ತಾರೆ. ಊರಿನಲ್ಲಿದ್ದ ಅವರ ಅಣ್ಣನೂ ಹಾಗೆಯೇ ತಿಳಿದು, “ಮೂರು ವರ್ಷ ಓದಿ ಇನ್ನೂ ಫೌಂಡೇಶನ್ನೇ ಮುಗಿದದ್ದಾ?” ಎಂದು ಕೇಳಿದ್ದರಂತೆ. ಪೂರ್ವಸಿದ್ಧತೆಯ ಫೌಂಡೇಶನ್ ವರ್ಷ ಬೇರೆ, ಫೌಂಡೇಶನ್ ಡಿಗ್ರಿ ಬೇರೆ. ಎರಡನೆಯದನ್ನು ಆಗಿನ ಶಿಕ್ಷಣ ಸಚಿವ ಡೇವಿಡ್ ಬ್ಲಂಕೆಟ್ 2000ದಲ್ಲಿ ಘೋಷಿಸಿದರು. ಮರುವರ್ಷವೇ ತರಗತಿಗಳು ಆರಂಭವಾದವು. ಉದ್ಯೋಗದಾತರೊಂದಿಗೆ ಸೇರಿ ಪಠ್ಯವನ್ನು ರೂಪಿಸುವುದು, ಕೆಲಸದ ಜಾಗದಲ್ಲಿ ಕಲಿತದ್ದನ್ನೂ ಓದಿನ ಭಾಗವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದು, ಮುಂದೆ ಆನರ್ಸ್ ಪದವಿಗೆ ಹೋಗಲು ದಾರಿ ತೆರೆದಿಡುವುದು ಅದರ ಲಕ್ಷಣಗಳು. ಇಂಗ್ಲೆಂಡಿನ ಆನರ್ಸ್ ಪದವಿಗೆ 360 ಕ್ರೆಡಿಟ್ ಬೇಕು: ಲೆವೆಲ್ 4, 5 ಮತ್ತು 6ರಲ್ಲಿ ತಲಾ 120. ಫೌಂಡೇಶನ್ ಡಿಗ್ರಿ ಇದರಲ್ಲಿ ಮೊದಲ ಎರಡು ಹಂತಗಳನ್ನು, ಎಂದರೆ 240 ಕ್ರೆಡಿಟ್‌ಗಳನ್ನು ಮುಗಿಸಿಕೊಡುತ್ತದೆ. ಉಳಿದ 120 ಕ್ರೆಡಿಟ್‌ಗಳ ಲೆವೆಲ್ 6 ಓದಿಗೆ ಟಾಪ್-ಅಪ್ ಎಂದು ಹೆಸರು. ಒಂದು ಕ್ರೆಡಿಟ್ ಎಂದರೆ ಹತ್ತು ಗಂಟೆಗಳ ಕಲಿಕೆ. ತರಗತಿ, ಗ್ರಂಥಾಲಯ, ಬರವಣಿಗೆ ಎಲ್ಲ ಸೇರಿ.

ನಮ್ಮಲ್ಲಿ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಮಾಡುವುದಕ್ಕೂ, ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎರಡನೆಯ ವರ್ಷದ ಬಿಇಗೆ ಸೇರುವುದಕ್ಕೂ ಇದನ್ನು ಹೋಲಿಸಬಹುದು. ಆದರೆ ಹೋಲಿಕೆ ಒಂದು ಕಡೆ ತಪ್ಪುತ್ತದೆ. ಜಿಎನ್‌ಎಂ ಆದವರು ಮೊದಲೇ ನೋಂದಾಯಿತ ನರ್ಸ್. ಮುಂದಿನ ಪದವಿ ಅವರ ವೃತ್ತಿಗೆ ಮೇಲ್ದರ್ಜೆ. ಆರೋಗ್ಯ ಮತ್ತು ಸಾಮಾಜಿಕ ಆರೈಕೆಯ ಪದವಿ ಮುಗಿಸಿದವರ ಹೆಸರು ಯಾವ ವೃತ್ತಿಪರ ನೋಂದಣಿ ಪಟ್ಟಿಗೂ ಸೇರುವುದಿಲ್ಲ. ಸೋಷಿಯಲ್ ವರ್ಕರ್ ಎಂಬ ಪದನಾಮಕ್ಕೆ ಅಲ್ಲಿ ಕಾನೂನಿನ ರಕ್ಷಣೆ ಇದ್ದು, 2019ರ ಡಿಸೆಂಬರ್‌ನಿಂದ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ಎಂಬ ಸಂಸ್ಥೆ ಆ ಪಟ್ಟಿಯನ್ನು ನೋಡಿಕೊಳ್ಳುತ್ತದೆ. ಅದು ಮಾನ್ಯ ಮಾಡಿದ ಸಮಾಜಕಾರ್ಯದ ಪದವಿಯೇ ಬೇಕು. ನರ್ಸ್‌ಗಳ ಮತ್ತು 2019ರಿಂದ ನರ್ಸಿಂಗ್ ಅಸೋಸಿಯೇಟ್‌ಗಳ ಪಟ್ಟಿ ಬೇರೊಂದು ಮಂಡಳಿಯ ಕೈಯಲ್ಲಿದೆ. ಟಾಪ್-ಅಪ್‌ನ ಜಾಹೀರಾತುಗಳಲ್ಲಿ ‘ಸಾಮಾಜಿಕ ಆರೈಕೆ ಕ್ಷೇತ್ರದಲ್ಲಿ ವಿಪುಲ ಅವಕಾಶ’ ಎಂದು ದಪ್ಪಕ್ಷರದಲ್ಲಿರುತ್ತದೆ, ನೋಂದಣಿ ಸಿಗದು ಎಂಬ ಮಾತು ಎಲ್ಲೋ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ, ಅದೂ ಇದ್ದರೆ.

ಈಗ ಅವರ ಪ್ರಶ್ನೆಗೆ ಬರೋಣ. ಲೆವೆಲ್ ಎಂಬುದು ಓದಿನ ಎತ್ತರವನ್ನು ಹೇಳುತ್ತದೆ, ಕ್ರೆಡಿಟ್ ಅದರ ಗಾತ್ರವನ್ನು. ಅವರ ಎರಡನೆಯ ಲೆವೆಲ್ 5, ಅಂದರೆ ವಯಸ್ಕರ ಆರೈಕೆಯ ನಾಯಕತ್ವ ಮತ್ತು ನಿರ್ವಹಣೆಯ ಡಿಪ್ಲೊಮಾ, ಕೇರ್ ಹೋಂನ ಮ್ಯಾನೇಜರ್ ಆಗುವವರಲ್ಲಿ ಇರಬೇಕೆಂದು ನಿರೀಕ್ಷಿಸುವ ಅರ್ಹತೆ. ಅದರ ಗಾತ್ರ ಸುಮಾರು 90 ಕ್ರೆಡಿಟ್. ಅದೂ ಉದ್ಯೋಗಾಧಾರಿತ ಅರ್ಹತೆಗಳ ಚೌಕಟ್ಟಿನಲ್ಲಿ, ವಿಶ್ವವಿದ್ಯಾಲಯಗಳ ಚೌಕಟ್ಟಿನಲ್ಲಲ್ಲ. ಆ ಡಿಪ್ಲೊಮಾ ಮಾತ್ರ ಇದ್ದವರು ಟಾಪ್-ಅಪ್‌ಗೆ ಅರ್ಜಿ ಹಾಕಿದರೆ ಅವರ ಬಳಿ ಲೆವೆಲ್ 4ರ 120 ಕ್ರೆಡಿಟ್ ಇರುವುದೇ ಇಲ್ಲ. ನಮ್ಮ ಪ್ರಕರಣದಲ್ಲಿ ಫೌಂಡೇಶನ್ ಡಿಗ್ರಿಯೇ 240 ಕ್ರೆಡಿಟ್‌ಗಳನ್ನು ತುಂಬಿಕೊಟ್ಟಿದ್ದರಿಂದ ನಾಯಕತ್ವದ ಡಿಪ್ಲೊಮಾ ಬೇಕಾಗಿಯೂ ಇರಲಿಲ್ಲ, ಪ್ರಯೋಜನಕ್ಕೆ ಬರುವಂತೆಯೂ ಇರಲಿಲ್ಲ: ಅದೇ ಎತ್ತರದಲ್ಲಿ ಎಷ್ಟು ಕಲ್ಲು ಪೇರಿಸಿದರೂ ಗೋಡೆ ಅಗಲವಾದೀತೇ ಹೊರತು ಮೇಲೇಳದು. ಇದನ್ನು ಕೇಳಿ ಅವರು ಆ ಕಾಗದವನ್ನು ಮಡಚದೆ ಹಾಗೆಯೇ ಫೈಲಿನ ಕೊನೆಗೆ ಸೇರಿಸಿದರು. ಒಂದೂಕಾಲು ವರ್ಷ ರಜೆಯ ದಿನಗಳನ್ನೆಲ್ಲ ಅದಕ್ಕೆ ಕೊಟ್ಟಿದ್ದರು.

ನಾನು ಕೇಳಿದ್ದು ಬೇರೆ ಪ್ರಶ್ನೆ: ಈ ಪದವಿ ಬಂದ ಮೇಲೆ ಏನು ಮಾಡಬೇಕೆಂದಿದ್ದೀರಿ? ಕೇರ್ ಹೋಂನ ಮ್ಯಾನೇಜರ್ ಆಗುವುದಾದರೆ ಅವರ ಕೈಯಲ್ಲಿರುವ ಡಿಪ್ಲೊಮಾ ಸಾಕು, ಪದವಿ ಬೇಡ. ನರ್ಸ್ ಆಗುವುದಾದರೆ ದಾರಿಯೇ ಬೇರೆ. ಅವರ ಉತ್ತರ ಸೋಷಿಯಲ್ ವರ್ಕರ್ ಆಗಬೇಕೆಂಬುದಾಗಿತ್ತು. ಕೌನ್ಸಿಲ್‌ನಿಂದ, ಅಂದರೆ ಸ್ಥಳೀಯ ಆಡಳಿತದಿಂದ, ಕೇರ್ ಹೋಂಗೆ ಬರುವ ಸೋಷಿಯಲ್ ವರ್ಕರ್‌ಗಳು ಅರ್ಧ ಗಂಟೆ ಕುಳಿತು ಬರೆದುಕೊಂಡು ಹೋಗುವುದನ್ನು ಹತ್ತು ವರ್ಷ ನೋಡಿದ್ದೇನೆ, ಆ ಕುರ್ಚಿಯಲ್ಲಿ ನಾನು ಕೂತರೆ ಬೇರೆ ಪ್ರಶ್ನೆ ಕೇಳುತ್ತೇನೆ ಎಂದರು.

ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದಾಗ ಮೂರು ದಾರಿ ಕಂಡವು. ಮೊದಲನೆಯದು, ಫೌಂಡೇಶನ್ ಡಿಗ್ರಿಯನ್ನು ಬದಿಗಿಟ್ಟು ಮೂರು ವರ್ಷದ ಸಮಾಜಕಾರ್ಯದ ಬಿಎಗೆ ಹೊಸದಾಗಿ ಸೇರುವುದು. ಎರಡನೆಯದು, ಕೌನ್ಸಿಲ್ ಒಂದರಲ್ಲಿ ಪದವಿ ಅಪ್ರೆಂಟಿಸ್ ಆಗಿ ಸೇರಿ, ಶುಲ್ಕವಿಲ್ಲದೆ, ಸಂಬಳ ಪಡೆಯುತ್ತಲೇ ಓದುವುದು. ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ಜಾಗಗಳು ಬೆರಳೆಣಿಕೆಯಷ್ಟು, ಹಲವು ಕಡೆ ಮೊದಲೇ ಕೌನ್ಸಿಲ್‌ನ ನೌಕರಿಯಲ್ಲಿ ಇರುವವರಿಗೇ ಮೀಸಲು. ಮೂರನೆಯದು, ಟಾಪ್-ಅಪ್ ಮಾಡಿ ಆನರ್ಸ್ ಪದವಿ ಪಡೆದು, ಆ ಬಲದ ಮೇಲೆ ಎರಡು ವರ್ಷದ ಸಮಾಜಕಾರ್ಯ ಸ್ನಾತಕೋತ್ತರಕ್ಕೆ ಹೋಗುವುದು. ನಾನು ಮೊದಲನೆಯದನ್ನು ಸೂಚಿಸಿದೆ. ಗುರಿ ಹತ್ತಿರವಾಗುತ್ತದೆ ಎಂಬ ಒಂದೇ ಕಾರಣಕ್ಕೆ. ಅವರು ಒಪ್ಪಲಿಲ್ಲ. ಮೂರು ವರ್ಷ ವಾರದ ದಿನಗಳೆಲ್ಲ ತರಗತಿ ಮತ್ತು ಕ್ಷೇತ್ರಕಾರ್ಯಕ್ಕೆ ಹೋದರೆ ಸಂಬಳದ ಗತಿಯೇನು, ನಡುವೆ ಏನಾದರೂ ಆಗಿ ನಿಲ್ಲಿಸಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲವಲ್ಲ ಎಂಬುದು ಅವರ ವಾದ. ಅರೆಕಾಲಿಕ ಟಾಪ್-ಅಪ್ ಎರಡು ವರ್ಷ ಹಿಡಿದರೂ ಕೆಲಸ ಬಿಡಬೇಕಾಗಿಲ್ಲ, ಅಲ್ಲಿಗೇ ನಿಂತರೂ ಪದವಿಯೊಂದು ಇರುತ್ತದೆ. ಒಂದು ವರ್ಷ ಹೆಚ್ಚು ತೆಗೆದುಕೊಳ್ಳುವ ಈ ದಾರಿಯೇ ಅವರ ಬದುಕಿಗೆ ಸರಿ ಎಂಬುದನ್ನು ನಾನು ತಡವಾಗಿ ಒಪ್ಪಿದೆ.

ಎರಡು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹೋಯಿತು. ಎರಡೂ ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಟ್ರಾನ್ಸ್‌ಕ್ರಿಪ್ಟ್ ಕೇಳಿದವು, ಏಕೆಂದರೆ ಯಾವ ವಿಷಯ, ಯಾವ ಲೆವೆಲ್‌ನಲ್ಲಿ, ಎಷ್ಟು ಕ್ರೆಡಿಟ್ ಎಂಬ ವಿವರ ಅದರಲ್ಲಿ ಮಾತ್ರ ಇರುತ್ತದೆ. ಪ್ರಮಾಣಪತ್ರ ಕೊಟ್ಟದ್ದು ವಿಶ್ವವಿದ್ಯಾಲಯ, ಪಾಠ ನಡೆದದ್ದು ಸ್ಥಳೀಯ ಕಾಲೇಜಿನಲ್ಲಿ. ಟ್ರಾನ್ಸ್‌ಕ್ರಿಪ್ಟ್ ಯಾರು ಕೊಡಬೇಕೆಂಬುದರ ಬಗ್ಗೆ ಇಬ್ಬರೂ ಒಬ್ಬರ ಕಡೆಗೊಬ್ಬರು ಬೆರಳು ತೋರಿಸುತ್ತ ಐದು ವಾರ ಕಳೆದರು. ಹಳೆಯ ಕ್ರೆಡಿಟ್‌ಗಳಿಗೆ ಹಲವು ವಿಶ್ವವಿದ್ಯಾಲಯಗಳು ಐದು ವರ್ಷದ ಗಡಿ ಇಡುತ್ತವೆ; ಇವರ ಫೌಂಡೇಶನ್ ಡಿಗ್ರಿ 2017ರಲ್ಲಿ ಆರಂಭವಾಗಿ 2020ರಲ್ಲಿ ಮುಗಿದಿದ್ದರಿಂದ ಗಡಿಯೊಳಗೇ ಇದ್ದರು. ಇನ್ನೆರಡು ವರ್ಷ ತಡಮಾಡಿದ್ದರೆ ಆ ತೊಡಕೂ ಸೇರಿಕೊಳ್ಳುತ್ತಿತ್ತು. ಒಂದು ವಿಶ್ವವಿದ್ಯಾಲಯ ಲೆವೆಲ್ 5ರಲ್ಲಿ ಸಂಶೋಧನಾ ವಿಧಾನಗಳ ಪಠ್ಯ ಇಲ್ಲವೆಂದೂ, ಅದಿಲ್ಲದೆ ಅಂತಿಮ ವರ್ಷದ ಪ್ರಬಂಧ ಬರೆಯಲಾಗದೆಂದೂ ಹೇಳಿ, 20 ಕ್ರೆಡಿಟ್‌ಗಳ ಸೇತುಬಂಧ ಪಠ್ಯವನ್ನು ಮೊದಲು ಮುಗಿಸುವಂತೆ ಷರತ್ತು ಹಾಕಿತು. ಇನ್ನೊಂದು ಯಾವ ಷರತ್ತೂ ಇಲ್ಲದೆ ಸೇರಿಸಿಕೊಳ್ಳಲು ಒಪ್ಪಿತು. ಸಹಜವಾಗಿಯೇ ಅವರು ಎರಡನೆಯದನ್ನು ಆರಿಸಿಕೊಂಡರು. ಮೊದಲನೆಯದರ ಮಾತಿನಲ್ಲಿ ಹುರುಳಿತ್ತು ಎಂಬುದು ತಿಳಿದದ್ದು ಒಂದೂವರೆ ವರ್ಷದ ನಂತರ.

ಹಣದ ಲೆಕ್ಕ ಹೀಗಿತ್ತು. ಆಗ ಪೂರ್ಣಾವಧಿ ಓದಿಗೆ ವರ್ಷಕ್ಕೆ ಗರಿಷ್ಠ ಶುಲ್ಕ 9,250 ಪೌಂಡ್. ವರ್ಷಕ್ಕೆ 60 ಕ್ರೆಡಿಟ್‌ನಂತೆ ಓದಿದ್ದರಿಂದ ಅವರಿಗೆ ಎರಡು ವರ್ಷ ತಲಾ 4,625 ಪೌಂಡ್ ಬಿತ್ತು. ಕಾಯಂ ವಾಸದ ಹಕ್ಕೂ ಮೂರು ವರ್ಷಕ್ಕಿಂತ ಹೆಚ್ಚಿನ ವಾಸವೂ ಇದ್ದುದರಿಂದ ಸ್ಥಳೀಯರ ಶುಲ್ಕ, ಜೊತೆಗೆ ಸರ್ಕಾರದ ಶುಲ್ಕ ಸಾಲ. 2023ರ ಆಗಸ್ಟ್ ನಂತರ ಹೊಸದಾಗಿ ಓದಲು ಸೇರಿದವರು ವರ್ಷಕ್ಕೆ 25,000 ಪೌಂಡ್ ಮೀರಿದ ಆದಾಯದ ಮೇಲೆ ಮಾತ್ರ ಶೇ. 9ರಷ್ಟು ಮರುಪಾವತಿಸಬೇಕು, 40 ವರ್ಷದ ನಂತರ ಉಳಿದದ್ದು ಮನ್ನಾ. 27,000 ಪೌಂಡ್ ಆದಾಯವಿದ್ದರೆ ತಿಂಗಳಿಗೆ 15 ಪೌಂಡ್ ಕಡಿತವಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ ಮೇಲೆಯೇ, ಸಾಲವೆಂದರೆ ಮನೆಯ ಮೇಲಿನ ಅಡಮಾನ ಎಂದು ಹೆದರಿದ್ದ ಅವರ ಪತಿ ಸಮಾಧಾನಗೊಂಡರು. ಭಾರತದಲ್ಲಿ ಈಗಾಗಲೇ ಪದವಿ ಪಡೆದು ಬಂದವರಿಗೆ, ಅದಕ್ಕೆ ಸಮನಾದ ಇನ್ನೊಂದು ಅರ್ಹತೆಗೆಂದು ಈ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ. ಬರೀ ಪಿಯುಸಿ ಎಂದು ಇವರು ಹದಿಮೂರು ವರ್ಷ ಸಂಕೋಚಪಟ್ಟದ್ದೇ ಇಲ್ಲಿ ಅನುಕೂಲವಾಯಿತು.

ಅದೇ ಕೇರ್ ಹೋಂನಲ್ಲಿ ಮಂಗಳೂರು ಕಡೆಯ ಹುಡುಗಿಯೊಬ್ಬಳು ಇದ್ದಳು. ಬ್ರಿಟನ್ 2022ರ ಫೆಬ್ರವರಿಯಲ್ಲಿ ಕೇರ್ ಕೆಲಸಗಾರರಿಗೆ ವೀಸಾ ಬಾಗಿಲು ತೆರೆದಾಗ ಬಂದವಳು. “ಅಕ್ಕ, ನಾನೂ ನಿಮ್ಮ ಒಟ್ಟಿಗೆ ಸೇರ್ಲಾ?” ಎಂದು ಕೇಳಿದ ಆಕೆಗೆ ಬೇಡವೆಂದೇ ಹೇಳಬೇಕಾಯಿತು. ಅವಳಿಗೆ ವಿದೇಶಿ ವಿದ್ಯಾರ್ಥಿಗಳ ದುಬಾರಿ ಶುಲ್ಕ ಬೀಳುತ್ತಿತ್ತು, ಸಾಲ ಸಿಗುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ ಅವಳು ಊರಿನಲ್ಲಿ ಜಿಎನ್‌ಎಂ ಮುಗಿಸಿ ನೋಂದಣಿ ಪಡೆದವಳು. ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆ ಈ ಮೂರನ್ನು ದಾಟಿದರೆ ನರ್ಸ್ ಆಗಿಯೇ ನೋಂದಾಯಿಸಿಕೊಳ್ಳಬಹುದಿತ್ತು. ಆ ವೀಸಾದ ದಾರಿ ಆಮೇಲೆ ಕಿರಿದಾಗುತ್ತ ಬಂತು: 2024ರ ಮಾರ್ಚ್‌ನಿಂದ ಕುಟುಂಬವನ್ನು ಕರೆತರುವಂತಿಲ್ಲವೆಂದಾಯಿತು, 2025ರ ಜುಲೈನಲ್ಲಿ ವಿದೇಶದಿಂದ ಹೊಸ ಕೇರರ್‌ಗಳ ನೇಮಕವೇ ನಿಂತಿತು.

2023ರ ಸೆಪ್ಟೆಂಬರ್‌ನಲ್ಲಿ ತರಗತಿ ಆರಂಭವಾಯಿತು. ಶುಕ್ರವಾರ, ಶನಿವಾರ, ಭಾನುವಾರ ರಾತ್ರಿ ಪಾಳಿ, ಮಂಗಳವಾರ ತರಗತಿ. 60 ಕ್ರೆಡಿಟ್ ಎಂದರೆ ವರ್ಷಕ್ಕೆ 600 ಗಂಟೆ. ತರಗತಿ ನಡೆಯುವ ಮೂವತ್ತು ವಾರಗಳಿಗೆ ಹಂಚಿದರೆ ವಾರಕ್ಕೆ ಇಪ್ಪತ್ತು ಗಂಟೆಯಾಗುತ್ತದೆ. ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಅವರು ಆ ಇಪ್ಪತ್ತು ಗಂಟೆಗಳನ್ನು ಹಸಿರು ಪೆನ್ನಿನಲ್ಲಿ ಗುರುತಿಸಿದ್ದರು. ನಾನು ನೋಡಿದಾಗಲೆಲ್ಲ ಹಸಿರಿನ ಮೇಲೆ ಕಪ್ಪು ಪೆನ್ನಿನಲ್ಲಿ ಮಕ್ಕಳ ದಂತವೈದ್ಯರು, ಶಾಲೆಯ ಸಭೆ, ಯಾರದೋ ಬದಲಿಗೆ ಒಪ್ಪಿಕೊಂಡ ಪಾಳಿ ಬಂದು ಕೂತಿರುತ್ತಿದ್ದವು.

ಮೊದಲ ಪ್ರಬಂಧಕ್ಕೆ 47 ಅಂಕ ಬಂತು. ಉತ್ತೀರ್ಣಕ್ಕೆ 40 ಸಾಕಾದರೂ ಫೌಂಡೇಶನ್ ಡಿಗ್ರಿಯಲ್ಲಿ 60ರ ಮೇಲೆಯೇ ಪಡೆಯುತ್ತಿದ್ದ ಅವರಿಗೆ ಇದು ಪೆಟ್ಟು. ಅಧ್ಯಾಪಕರ ಟಿಪ್ಪಣಿ ಒಂದೇ ಸಾಲು: ನಡೆದದ್ದನ್ನು ವಿವರಿಸಿದ್ದೀರಿ, ವಿಮರ್ಶಿಸಿಲ್ಲ. ಈ ಸಾಲನ್ನು ಟಾಪ್-ಅಪ್‌ಗೆ ಬಂದ ಬಹುತೇಕ ಎಲ್ಲರೂ ಒಮ್ಮೆಯಾದರೂ ಓದಿರುತ್ತಾರೆ, ಅದರ ಅರ್ಥವನ್ನು ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಆ ಪ್ರಬಂಧವನ್ನೇ ಮುಂದಿಟ್ಟುಕೊಂಡು ಕುಳಿತೆವು.

ಅವರು ಬರೆದಿದ್ದ ಘಟನೆ ಇದು. ಮರೆವಿನ ಕಾಯಿಲೆಯ ಗುಜರಾತಿ ವೃದ್ಧೆಯೊಬ್ಬರು, 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯನ್ನರನ್ನು ಹೊರಹಾಕಿದಾಗ ಲೆಸ್ಟರ್‌ಗೆ ಬಂದು ನೆಲೆಸಿದ ಸಾವಿರಾರು ಜನರಲ್ಲಿ ಒಬ್ಬರು. ಕಾರ್ಖಾನೆಯಲ್ಲಿ ದುಡಿಯುತ್ತ ಕಲಿತ ಇಂಗ್ಲಿಷ್ ಕಾಯಿಲೆ ಬೆಳೆದಂತೆ ಕಳಚಿಹೋಗಿ, ಬಾಲ್ಯದ ಗುಜರಾತಿ ಮಾತ್ರ ಉಳಿದಿತ್ತು. ಒಂದು ರಾತ್ರಿ ಮಾತ್ರೆ ಕೊಡಲು ಹೋದಾಗ ಲೋಟವನ್ನು ಕೈಯಿಂದ ತಳ್ಳಿ ಏನೋ ಹೇಳಿದರು. ಎರಡನೆಯ ಸಲವೂ ತಳ್ಳಿದರು. ಔಷಧಿ ದಾಖಲೆಯ ಹಾಳೆಯಲ್ಲಿ ಜೊತೆಯ ಕೇರರ್ ‘ನಿರಾಕರಿಸಿದರು’ ಎಂಬ ಗುರುತು ಹಾಕಿದರು. ನಿಯಮದ ಪ್ರಕಾರ ಅದು ಸರಿ. ನಮ್ಮ ವಿದ್ಯಾರ್ಥಿನಿಗೆ ಹಿಂದಿ ಅಷ್ಟಿಷ್ಟು ಬರುತ್ತಿದ್ದುದರಿಂದ ‘ಪಾಣಿ’ ಎಂಬುದು ಕೇಳಿಸಿತು, ಅದರ ಹಿಂದಿನ ‘ಊನು’ ಎಂಬ ಪದ ಗೊತ್ತಾಗಲಿಲ್ಲ. ಬೆಳಿಗ್ಗೆ ಬಂದ ಮಗ ಹೇಳಿದರು: ಊನು ಪಾಣಿ ಎಂದರೆ ಬಿಸಿನೀರು. ಅಜ್ಜಿ ಮಾತ್ರೆಯನ್ನು ಬೇಡವೆಂದಿರಲಿಲ್ಲ, ತಣ್ಣೀರನ್ನು ಬೇಡವೆಂದಿದ್ದರು.

ಮೊದಲ ಬರಹದಲ್ಲಿ ಈ ಘಟನೆ ಒಂದೂವರೆ ಪುಟವಿತ್ತು. ಅದರ ಕೆಳಗೆ ಮಾನಸಿಕ ಸಾಮರ್ಥ್ಯ ಕಾಯ್ದೆ, 2005ರ ಐದು ತತ್ವಗಳನ್ನು ಒಂದರ ಕೆಳಗೊಂದು ಬರೆದು, ತಾವು ಅವುಗಳನ್ನು ಪಾಲಿಸಿದೆವೆಂದು ಮುಗಿಸಿದ್ದರು. ಲೆವೆಲ್ 5ರಲ್ಲಿ ಇದಕ್ಕೆ ಒಳ್ಳೆಯ ಅಂಕ ಸಿಗುತ್ತದೆ. ಕಾಯ್ದೆಯ ಎರಡನೆಯ ತತ್ವ ಏನು ಹೇಳುತ್ತದೆ ಎಂದು ಕೇಳಿದೆ. ನಿರ್ಧಾರ ಕೈಗೊಳ್ಳಲು ಸಾಧ್ಯವಿರುವ ಎಲ್ಲ ನೆರವನ್ನೂ ಕೊಟ್ಟು ಅದು ವಿಫಲವಾಗುವವರೆಗೆ ಯಾರನ್ನೂ ಅಸಮರ್ಥರೆಂದು ಪರಿಗಣಿಸಬಾರದು ಎಂದರು, ಬಾಯಿಪಾಠವಿತ್ತು. ಹಾಗಿದ್ದರೆ ಆ ರಾತ್ರಿ ಯಾವ ನೆರವು ಕೊಟ್ಟಿರಿ? ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಹಾಳೆಯಲ್ಲಿ ‘ನಿರಾಕರಿಸಿದರು’ ಎಂಬುದಕ್ಕೆ ಜಾಗವಿದೆ, ‘ನಮಗೆ ಅರ್ಥವಾಗಲಿಲ್ಲ’ ಎಂಬುದಕ್ಕೆ ಜಾಗವೇ ಇಲ್ಲವಲ್ಲ ಎಂದರು. ಮರುಬರಹ ಆ ವಾಕ್ಯದಿಂದ ಶುರುವಾಯಿತು. ಮೊದಲ ಪ್ರಬಂಧದ ಅಂಕ ಬದಲಾಗಲಿಲ್ಲ, ನಿಯಮದಂತೆ ಬದಲಾಗುವಂತೆಯೂ ಇರಲಿಲ್ಲ. ಆದರೆ ಮುಂದಿನ ಪ್ರಬಂಧಕ್ಕೆ 58 ಬಂತು, ಅದರ ಮುಂದಿನದಕ್ಕೆ 63.

ಅಂತಿಮ ವರ್ಷದ ಪ್ರಬಂಧಕ್ಕೆ 40 ಕ್ರೆಡಿಟ್, ಅಂದರೆ ಇಡೀ ಟಾಪ್-ಅಪ್‌ನ ಮೂರನೆಯ ಒಂದು ಪಾಲು. ಇವರ ವಿಶ್ವವಿದ್ಯಾಲಯ ಲೆವೆಲ್ 6ರ ಅಂಕಗಳ ಮೇಲಷ್ಟೇ ಪದವಿಯ ದರ್ಜೆ ನಿರ್ಧರಿಸುತ್ತಿದ್ದುದರಿಂದ, ಮೂರು ವರ್ಷದ ಫೌಂಡೇಶನ್ ಡಿಗ್ರಿಯ ಅಂಕಗಳು ಲೆಕ್ಕಕ್ಕಿಲ್ಲ, ಈ ಒಂದು ಪ್ರಬಂಧದ ತೂಕವೇ ದೊಡ್ಡದು. ಮರೆವಿನ ಕಾಯಿಲೆಯಲ್ಲಿ ಎರಡನೆಯ ಭಾಷೆ ಮೊದಲು ಕಳಚುವುದನ್ನೂ ಅದು ಆರೈಕೆಯ ಮೇಲೆ ಬೀರುವ ಪರಿಣಾಮವನ್ನೂ ವಿಷಯವಾಗಿ ಆರಿಸಿಕೊಂಡು, ತಮ್ಮ ಕೇರ್ ಹೋಂನ ಮೂವರು ವೃದ್ಧರನ್ನು ಸಂದರ್ಶಿಸುವ ಯೋಜನೆ ಹಾಕಿದರು. ಮಾರ್ಗದರ್ಶಕರು ಅದನ್ನು ತಡೆದರು. ಒಪ್ಪಿಗೆ ಕೊಡುವ ಸಾಮರ್ಥ್ಯವಿಲ್ಲದವರನ್ನು ಒಳಗೊಳ್ಳುವ ಸಂಶೋಧನೆಗೆ ಅದೇ 2005ರ ಕಾಯ್ದೆಯ ಪ್ರಕಾರ ಮಾನ್ಯ ನೈತಿಕ ಸಮಿತಿಯ ಅನುಮೋದನೆ ಬೇಕು. ಪದವಿ ವಿದ್ಯಾರ್ಥಿಯೊಬ್ಬರು ಎಂಟು ತಿಂಗಳಲ್ಲಿ ಅದನ್ನು ಪಡೆದು ಕೆಲಸ ಮುಗಿಸುವುದು ಆಗದ ಮಾತು. ಬದಲಿಗೆ, ಈಗಾಗಲೇ ಪ್ರಕಟವಾದ ಅಧ್ಯಯನಗಳ ಸಮೀಕ್ಷೆ ಮಾಡಬೇಕಾಯಿತು. ಎದುರಿಗೇ ಇರುವ ಅಜ್ಜಿಯನ್ನು ಬಿಟ್ಟು ಕಾಣದ ಊರಿನ ಅಜ್ಜಿಯರ ಬಗ್ಗೆ ಓದಬೇಕೇ ಎಂದು ಅವರಿಗೆ ಸಿಟ್ಟು ಬಂದಿತ್ತು. ಸಂಶೋಧನಾ ವಿಧಾನಗಳ ಪಠ್ಯದ ಕೊರತೆ ಆಗ ಎದುರಾಯಿತು: ಯಾವ ಅಧ್ಯಯನವನ್ನು ಯಾಕೆ ಸೇರಿಸಿಕೊಂಡಿರಿ, ಯಾವುದನ್ನು ಯಾಕೆ ಬಿಟ್ಟಿರಿ ಎಂಬುದನ್ನು ತೋರಿಸುವ ವಿಧಾನ ಅವರಿಗೆ ಯಾರೂ ಕಲಿಸಿರಲಿಲ್ಲ. 2025ರ ಜನವರಿಯಿಂದ ಮಾರ್ಚ್‌ವರೆಗೆ, ಮೊದಲ ವಿಶ್ವವಿದ್ಯಾಲಯ ಆ 20 ಕ್ರೆಡಿಟ್‌ಗಳಲ್ಲಿ ಕಲಿಸಬೇಕೆಂದಿದ್ದನ್ನು ಗ್ರಂಥಾಲಯದವರ ನೆರವಿನಿಂದ ತಾವೇ ಕಲಿತರು. ಪ್ರಬಂಧಕ್ಕೆ ಎರಡು ವಾರ ಗಡುವು ವಿಸ್ತರಣೆ ಕೇಳಬೇಕಾಯಿತು. 64 ಅಂಕ ಬಂತು.

ಒಟ್ಟು 61. ಊರಿನ ಅಣ್ಣ ಫೋನಿನಲ್ಲಿ “ಫಸ್ಟ್ ಕ್ಲಾಸ್!” ಎಂದು ಕೂಗಿದರು. ನಮ್ಮಲ್ಲಿ 60 ಪ್ರಥಮ ದರ್ಜೆಯಾದರೆ ಅಲ್ಲಿ ಪ್ರಥಮ ದರ್ಜೆಗೆ 70 ಬೇಕು. 60ರಿಂದ 69ರವರೆಗಿನದು ಎರಡನೆಯ ದರ್ಜೆಯ ಮೇಲಿನ ಭಾಗ. ಅವರು ತಿದ್ದಲು ಹೋಗಲಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಅವರು ಸಮಾಜಕಾರ್ಯದ ಸ್ನಾತಕೋತ್ತರಕ್ಕೆ ಸೇರಿದ್ದಾರೆ. ಸಂದರ್ಶನದಲ್ಲಿ ಟಾಪ್-ಅಪ್‌ನ ದರ್ಜೆಯ ಬಗ್ಗೆ ಒಂದು ಪ್ರಶ್ನೆ, ಹನ್ನೆರಡು ವರ್ಷದ ರಾತ್ರಿ ಪಾಳಿಯ ಬಗ್ಗೆ ಇಪ್ಪತ್ತು ನಿಮಿಷ ಪ್ರಶ್ನೆಗಳು. ಎರಡು ವರ್ಷಗಳಲ್ಲಿ ಕೌಶಲ ತರಬೇತಿಯ 30 ದಿನವೂ ಸೇರಿ 200 ದಿನದ ಕ್ಷೇತ್ರಕಾರ್ಯ ಕಡ್ಡಾಯ. ಮೊದಲ ಸುತ್ತು 70 ದಿನ, ಅದೂ ವಾರದ ದಿನಗಳಲ್ಲಿ, ಹಗಲು ಹೊತ್ತು. ಸಮಾಜಕಾರ್ಯದ ವಿದ್ಯಾರ್ಥಿವೇತನ ಎಲ್ಲರಿಗೂ ಸಿಗುವುದಿಲ್ಲ, ವಿಶ್ವವಿದ್ಯಾಲಯ ಕಳಿಸುವ ಪಟ್ಟಿಯಲ್ಲಿ ಹೆಸರಿರಬೇಕು. ಇವರ ಹೆಸರು ಕಾಯುವ ಪಟ್ಟಿಯಲ್ಲಿದೆ. ಕೇರ್ ಹೋಂನಲ್ಲಿ ಮೂರು ರಾತ್ರಿಗಳನ್ನು ಎರಡಕ್ಕೆ ಇಳಿಸಿಕೊಂಡಿದ್ದಾರೆ: ಶುಕ್ರವಾರ ಮತ್ತು ಶನಿವಾರ. ಅಜ್ಜಿಯ ಕೋಣೆಯ ಬಾಗಿಲ ಹಿಂದೆ ಈಗ ಹನ್ನೆರಡು ಗುಜರಾತಿ ಪದಗಳ ಪಟ್ಟಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಅಂಟಿಸಿದೆ. ಮೊದಲನೆಯದು ‘ಊನು ಪಾಣಿ’.